ಇರುವೆಗೆ ಎಷ್ಟು ನೀರು?

ಅಡಿಗೆಮನೆಯಲ್ಲಿ ಇರುವೆಯೊಡನೆ ಜಗಳ ಕಾಯದ ಹೆಂಗಸು ಇರಲಿಕ್ಕಿಲ್ಲ. ಸಕ್ಕರೆ ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತೇವೆ, ತುಪ್ಪದ ಪಾತ್ರೆಯನ್ನು ನೀರು ತುಂಬಿದ ತಟ್ಟೆಯ ನಡುವೆ ಇಡುತ್ತೇವೆ, ಸಾಲು ಹಿಡಿದು ಬರುವ ಗೋಡೆಯ ಬಿರುಕಿಗೆ ಅರಿಸಿನ ತುಂಬುತ್ತೇವೆ. ಅದೇ ನಾವೇ ಬೆಳಿಗ್ಗೆ ಎದ್ದು ಹೊಸಿಲ ಮುಂದೆ ಅಕ್ಕಿಹಿಟ್ಟಿನ ರಂಗೋಲಿ ಇಟ್ಟು, ಇರುವೆಗೂ ಒಂದು ತುತ್ತಾಯಿತು ಎಂದುಕೊಳ್ಳುತ್ತೇವೆ. ಓಡಿಸುವವರೂ ನಾವೇ, ಉಣಿಸುವವರೂ ನಾವೇ. ಆದರೆ ಇರುವೆಯನ್ನು ಬೇಕೆಂದೇ ಮನೆಯೊಳಗೆ ತಂದು ಸಾಕಿದವರೂ ಇದ್ದಾರೆ, ಹಾಗೆ ಸಾಕಿದ್ದಕ್ಕೆ ಇನ್ನೂರು ವರ್ಷಕ್ಕೂ ಮೀರಿದ ಒಂದು ಚರಿತ್ರೆಯಿದೆ ಎಂಬುದು ನನಗೆ ಐವತ್ತು ದಾಟುವವರೆಗೂ ಗೊತ್ತಿರಲಿಲ್ಲ. ಗೊತ್ತಾದದ್ದು ನಾನು ಮಾಡಿದ ಒಂದು ತಪ್ಪಿನಿಂದ.

ನಾನು ಶಾಲೆಯಲ್ಲಿ ಹೇಳಿಕೊಡುವುದು ಸಮಾಜ ವಿಜ್ಞಾನ. ಆ ವರ್ಷ ವಿಜ್ಞಾನದ ಟೀಚರು ಹೆರಿಗೆ ರಜೆಯ ಮೇಲಿದ್ದುದರಿಂದ ಏಳನೆಯ ತರಗತಿಯ ವಿಜ್ಞಾನವೂ ನನ್ನ ಪಾಲಿಗೇ ಬಂದಿತ್ತು. ಜೂನ್ ತಿಂಗಳ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಒಬ್ಬ ಹುಡುಗಿ ಕರ್ಚೀಫಿನಲ್ಲಿ ಗಂಟು ಕಟ್ಟಿ ಏನನ್ನೋ ತಂದಳು. ಬಿಚ್ಚಿದರೆ ಒಂದು ದಪ್ಪ ಗೊದ್ದ. ನಾವು ದಿನಾ ನೋಡುವ ಗೊದ್ದದ ಎರಡರಷ್ಟು ಮೈ.

"ಮಿಸ್, ಇದು ರಾಣಿ. ನಿನ್ನೆ ಸಂಜೆ ರೆಕ್ಕೆ ಇತ್ತು. ನನ್ನ ಕಣ್ಣೆದುರಿಗೇ ಉದುರಿಸಿಕೊಂಡಿತು. ಇದನ್ನ ಸಾಕೋಣ ಮಿಸ್."

ಓದಿನಲ್ಲಿ ಹಿಂದೆ, ಪ್ರಶ್ನೆ ಕೇಳಿದರೆ ನೆಲ ನೋಡುತ್ತ ನಿಲ್ಲುವ ಹುಡುಗಿ ಅವಳು. ತಾನಾಗಿ ಎದ್ದು ಬಂದು ಮಾತಾಡಿದ್ದೇ ಅದು ಮೊದಲು. ನನಗೆ ಇರುವೆಗಿಂತ ಅದು ಹೆಚ್ಚಿನ ಸಂಗತಿಯಾಗಿ ಕಂಡಿತು. ಒಂದು ಹಾರ್ಲಿಕ್ಸ್ ಬಾಟಲಿಗೆ ಕೈತೋಟದ ಮಣ್ಣು ತುಂಬಿ, ರಾಣಿಯನ್ನು ಒಳಗೆ ಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ, ಹೊರಗೆ ಕಪ್ಪು ಕಾಗದ ಸುತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟೆವು. ಎರಡು ವಾರವಾದ ಮೇಲೆ ಕಾಗದ ಸರಿಸಿ ನೋಡಿದರೆ ಗಾಜಿಗೆ ಅಂಟಿಕೊಂಡ ಹಾಗೆ ರಾಣಿ ತೋಡಿಕೊಂಡ ಪುಟ್ಟ ಕೋಣೆ, ಅದರಲ್ಲಿ ಗಸಗಸೆಯಂಥ ಬಿಳಿಯ ಮೊಟ್ಟೆಗಳು. ಇಡೀ ತರಗತಿ ಸಾಲುಗಟ್ಟಿ ನೋಡಿತು.

"ಮಣ್ಣು ಒಣಗಬಾರದು, ತೇವ ಇದ್ದರೇ ಮೊಟ್ಟೆ ಉಳಿಯುವುದು" ಎಂದು ನಾನು ಮಕ್ಕಳಿಗೆ ಹೇಳಿದೆ. ಹೇಳಿದ್ದು ತಪ್ಪಲ್ಲ. ಹೇಳಿದಂತೆ ದಿನಕ್ಕೊಂದು ಚಮಚ ನೀರನ್ನೂ ನಾನೇ ಹಾಕಿದೆ. ಭಾನುವಾರದ ಲೆಕ್ಕಕ್ಕೆಂದು ಶನಿವಾರ ಎರಡು ಚಮಚ. ಹೂವಿನ ಕುಂಡಕ್ಕಾದರೆ ಅಡಿಯಲ್ಲಿ ತೂತಿರುತ್ತದೆ, ಬಾಟಲಿಗೆ ಎಲ್ಲಿಯದು? ಹೆಚ್ಚಿದ ನೀರು ತಳದಲ್ಲಿ ನಿಂತಿತು. ಒಂದು ಸೋಮವಾರ ನೋಡುತ್ತೇನೆ, ಕೋಣೆಯ ತುಂಬ ಹತ್ತಿ ಹಿಂಜಿ ತುಂಬಿದ ಹಾಗೆ ಬೂಷ್ಟು. ಮೊಟ್ಟೆಗಳು ಅದರೊಳಗೆ ಸೇರಿಹೋಗಿದ್ದವು. ನಾಲ್ಕು ದಿನ ಕಳೆದು ರಾಣಿಯೂ ಸತ್ತಿತು. ಹುಡುಗಿ ಬಾಟಲಿಯನ್ನು ಎತ್ತಿಕೊಂಡು ಹೊಂಗೆ ಮರದ ಬುಡಕ್ಕೆ ಮಣ್ಣು ಸುರಿದು, ತೊಳೆದು ತಂದಿಟ್ಟಳು.

"ನೀವು ದಿನಾ ನೀರು ಹಾಕ್ತಿದ್ರಲ್ಲ ಮಿಸ್, ಅದಕ್ಕೇ" ಎಂದಳು. ಕೋಪದಿಂದ ಹೇಳಿದ ಮಾತಲ್ಲ. ಕಂಡದ್ದನ್ನು ಹೇಳಿದಳು, ಅಷ್ಟೆ. ಆಮೇಲೆ ಆ ವರ್ಷವಿಡೀ ಅವಳು ನನ್ನ ಬಳಿಗೆ ಏನನ್ನೂ ತರಲಿಲ್ಲ.

ಆ ಮಾತು ನನ್ನನ್ನು ಬಿಡಲಿಲ್ಲ. ಮನೆಯಲ್ಲಿ ಮಗಳ ಹತ್ತಿರ ಹೇಳಿಕೊಂಡೆ. ಅವಳು ಕಂಪ್ಯೂಟರಿನಲ್ಲಿ ಹುಡುಕಿ ಇರುವೆ ಸಾಕಿದವರ ಹಳೆಯ ಇಂಗ್ಲಿಷ್ ಪುಸ್ತಕಗಳ ಪುಟಗಳನ್ನು ಅಚ್ಚು ತೆಗೆದುಕೊಟ್ಟಳು. ಚರಿತ್ರೆಯಾಗಿ ಓದಿದರಷ್ಟೇ ಯಾವ ವಿಷಯವೂ ನನ್ನ ತಲೆಗೆ ಹತ್ತುವುದು. ಓದುತ್ತ ಹೋದಂತೆ, ನಾನು ಒಂದು ತಿಂಗಳಲ್ಲಿ ಮಾಡಿದ ತಪ್ಪಿನ ಸುತ್ತಲೇ ದೊಡ್ಡ ದೊಡ್ಡವರು ನೂರೈವತ್ತು ವರ್ಷ ತಿಣುಕಿದ್ದಾರೆಂದು ತಿಳಿಯಿತು.

ಕಷ್ಟ ಇರುವುದು ಎಲ್ಲಿ ಎಂದರೆ, ದೊಡ್ಡ ಇರುವೆಗೆ ಮೈಮೇಲೆ ಗಟ್ಟಿಯಾದ ಕವಚವಿದೆ, ಅದು ಬಿಸಿಲಲ್ಲಿ ಓಡಾಡಬಲ್ಲದು. ಮೊಟ್ಟೆಗೂ ಹುಳುವಿನ ರೂಪದ ಮರಿಗೂ ಅದಿಲ್ಲ. ತೆಳು ಚರ್ಮ, ಪುಟ್ಟ ಮೈ. ಅಂಗಳದಲ್ಲಿ ಚೆಲ್ಲಿದ ಹನಿ ಆರಿಹೋದರೂ ಬಿಂದಿಗೆಯ ನೀರು ಹಾಗೇ ಇರುತ್ತದಲ್ಲವೆ? ಹಾಗೆ ಮೈ ಸಣ್ಣದಾದಷ್ಟೂ ನೀರು ಬೇಗ ಆರುತ್ತದೆ. ನೆಲದೊಳಗಿನ ಗೂಡಿನಲ್ಲಿ ಗಾಳಿ ಸದಾ ತೇವವಾಗಿರುವುದರಿಂದ ಮರಿಗಳು ಬದುಕುತ್ತವೆ. ನಾವು ತಂದು ಗಾಜಿನೊಳಗೆ ಕೂಡಿಸಿದರೆ ಆ ತೇವವನ್ನು ನಾವೇ ಒದಗಿಸಬೇಕು. ಒದಗಿಸಹೊರಟರೆ ಗಾಳಿಯಾಡದ ಕತ್ತಲೆಯಲ್ಲಿ ಬೂಷ್ಟು ಹಬ್ಬುತ್ತದೆ. ಒಣಗಿದರೆ ಮರಿ ಸಾಯುತ್ತದೆ, ನೆನೆದರೆ ಗೂಡೇ ಕೊಳೆಯುತ್ತದೆ. ಸರಿಯಾದ ಅಳತೆ ಎಷ್ಟು? ಎಲ್ಲರೂ ಮೊದಲು ಕೇಳಿಕೊಂಡದ್ದು ಈ ಪ್ರಶ್ನೆಯನ್ನೇ.

ಇರುವೆಗಳನ್ನು ಗಾಜಿನಲ್ಲಿಟ್ಟು ನೋಡಿದ ಮೊದಲಿಗರಲ್ಲಿ ಫ್ರಾನ್ಸಿನ ರೇಯೋಮ್ಯೂರ್ (1683–1757) ಒಬ್ಬ. ಈತನ ಹೆಸರಿನ ಉಷ್ಣಮಾಪಕವೊಂದು ಯುರೋಪಿನಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಈತ ಮಣ್ಣಿನ ಸಮೇತ ಇರುವೆಗಳನ್ನು ಗಾಜಿನ ಭರಣಿಗಳಿಗೆ ತುಂಬಿಕೊಂಡು ಗಮನಿಸುತ್ತಿದ್ದ. ಅಂದರೆ ನನ್ನ ಹಾರ್ಲಿಕ್ಸ್ ಬಾಟಲಿಯ ಪೂರ್ವಜ. ಇರುವೆಗಳ ಬಗ್ಗೆ ಈತ ಬರೆದಿಟ್ಟ ಹಸ್ತಪ್ರತಿ ಮಾತ್ರ ಎಲ್ಲೋ ಉಳಿದುಹೋಗಿ, 1926ರಲ್ಲಿ ಅಮೆರಿಕದ ವಿಲಿಯಂ ಮಾರ್ಟನ್ ವೀಲರ್ ಎಂಬ ಇರುವೆ ಪಂಡಿತರ ಕೈಯಲ್ಲಿ ಅಚ್ಚಾಯಿತು.

ಆಮೇಲೆ ಬಂದವನು ಜಿನೀವಾದ ಪಿಯೆರ್ ಹ್ಯೂಬರ್. ಇವನ ತಂದೆ ಫ್ರಾಂಸ್ವಾ ಹ್ಯೂಬರ್ ಜೇನುಹುಳುಗಳ ಬಗ್ಗೆ ಬರೆದು ಜಗತ್ತಿಗೆಲ್ಲ ಹೆಸರಾದವರು. ಆದರೆ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಹೆಂಡತಿ ಮತ್ತು ಮನೆಯ ಆಳು ನೋಡಿ ಹೇಳಿದ್ದನ್ನು ಕೇಳಿ, ಹೀಗೆ ಮಾಡಿ ಹಾಗೆ ಮಾಡಿ ಎಂದು ಪ್ರಯೋಗಗಳನ್ನು ನಡೆಸಿದವರು. ಅಂಥ ಮನೆಯಲ್ಲಿ ಬೆಳೆದ ಮಗನಿಗೆ ನೋಡುವುದರ ಬೆಲೆ ಗೊತ್ತಿದ್ದುದು ಸಹಜ. 1810ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಅವನು ನೆಲದಲ್ಲಿ ಮಣ್ಣಿನ ಅಂತಸ್ತುಗಳನ್ನು ಕಟ್ಟುವ ಕಂದು ಇರುವೆಗಳ ವಿಚಾರ ಹೇಳುತ್ತಾನೆ. ಅವು ಕಟ್ಟಡದ ಕೆಲಸ ಮಾಡುವುದು ಮಣ್ಣು ಹಸಿಯಿದ್ದಾಗ. ಮಳೆಯೇ ಅವಕ್ಕೆ ಗಾರೆ ಕಲಸಿಕೊಡುತ್ತದೆ. ಮಳೆಗಾಗಿ ಕಾದು ಬೇಸತ್ತ ಹ್ಯೂಬರ್ ಒಂದು ಗಡುಸಾದ ಬ್ರಷ್ಷನ್ನು ನೀರಿನಲ್ಲಿ ಅದ್ದಿ, ಅದರ ಮೇಲೆ ಕೈಯಾಡಿಸಿ ಗೂಡಿನ ಮೇಲೆ ಸಣ್ಣ ಹನಿಗಳನ್ನು ಉದುರಿಸಿದ. ನಾವು ಮದುವೆ ಮನೆಯಲ್ಲಿ ಪನ್ನೀರು ಚಿಮುಕಿಸಿದ ಹಾಗೆ. ಇರುವೆಗಳು ಮಳೆ ಬಂತೆಂದೇ ನಂಬಿ ಹೊರಬಂದು ಕೆಲಸ ಹಚ್ಚಿಕೊಂಡವು.

ಅವನು ಕಂಡ ಇನ್ನೊಂದು ಸಂಗತಿ ನನಗೆ ಹೆಚ್ಚು ಮುಖ್ಯವಾಗಿ ತೋರಿತು. ಇರುವೆಗಳು ಮರಿಗಳನ್ನು ಒಂದೇ ಕಡೆ ಇಟ್ಟು ಕೂರುವುದಿಲ್ಲ. ಮೇಲಿನ ಅಂತಸ್ತು ಬಿಸಿಲಿಗೆ ಕಾದರೆ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಕೆಳಗೆ ಇಳಿಸುತ್ತವೆ. ಮಳೆಗೆ ಕೆಳಗಿನ ಕೋಣೆ ನೆನೆದರೆ ಮತ್ತೆ ಮೇಲಕ್ಕೆ ಏರಿಸುತ್ತವೆ. ಅಂದರೆ ಸರಿಯಾದ ತೇವ ಯಾವುದು ಎಂಬ ಪ್ರಶ್ನೆಗೆ ಉತ್ತರ ಅವಕ್ಕೆ ಗೊತ್ತು. ಅವಕ್ಕೆ ಬೇಕಾದದ್ದು ಓಡಾಡಿ ಹುಡುಕಿಕೊಳ್ಳಲು ಜಾಗ. ನನ್ನ ಬಾಟಲಿಯ ರಾಣಿಗೆ ಎಲ್ಲಿಗೆ ಹೋದರೂ ಅದೇ ಕೆಸರು.

ಹ್ಯೂಬರನ ಈ ಮಾತು 1810ರಷ್ಟು ಹಿಂದೆಯೇ ಪುಸ್ತಕದಲ್ಲಿದ್ದರೂ ಅದನ್ನು ಗೂಡು ಮಾಡುವ ವಿದ್ಯೆಯಾಗಿ ತಿರುಗಿಸಲು ಜನಕ್ಕೆ ಬಹಳ ಕಾಲ ಹಿಡಿಯಿತು. ಇಂಗ್ಲೆಂಡಿನ ಜಾನ್ ಲಬ್ಬಕ್ (1834–1913) ಎಂಬ ಸಾಹುಕಾರ, ಬ್ಯಾಂಕಿನ ಒಡೆಯ, ಪಾರ್ಲಿಮೆಂಟಿನ ಸದಸ್ಯ. 1871ರಲ್ಲಿ ಆ ದೇಶದ ಬ್ಯಾಂಕುಗಳಿಗೆ ರಜೆಯ ಕಾನೂನು ತಂದುಕೊಟ್ಟವನು. ಡಾರ್ವಿನ್ನನ ನೆರೆಮನೆಯವನು. ಇಷ್ಟೆಲ್ಲ ಕೆಲಸದ ನಡುವೆ ಮನೆಯಲ್ಲಿ ಇರುವೆ ಸಾಕಿದ್ದ. ಎರಡು ಗಾಜಿನ ಹಲಗೆಗಳ ನಡುವೆ ತೀರ ಕಡಿಮೆ ಸಂದು ಬಿಟ್ಟು, ಅದಕ್ಕೆ ನುಣ್ಣನೆಯ ಮಣ್ಣು ತುಂಬಿ, ಅಂಥ ಹಲಗೆಗಳನ್ನು ಒಂದು ಕಂಬಕ್ಕೆ ಅಂತಸ್ತಂತಸ್ತಾಗಿ ಜೋಡಿಸಿ, ಕಂಬದ ಬುಡದ ಸುತ್ತ ನೀರಿನ ಕಂದಕ ಮಾಡಿದ್ದ. ನಾವು ಇರುವೆ ಬರದಿರಲೆಂದು ತುಪ್ಪದ ಪಾತ್ರೆಯನ್ನು ನೀರಿನಲ್ಲಿಟ್ಟರೆ, ಈತ ಇರುವೆ ಹೋಗದಿರಲೆಂದು ನೀರಿಟ್ಟ. ಉಪಾಯ ಒಂದೇ. ಮಣ್ಣಿನ ಪದರ ತೆಳುವಾದ್ದರಿಂದ ಒಳಗಿನದೆಲ್ಲ ಕಣ್ಣಿಗೆ ಕಾಣುತ್ತಿತ್ತು. ಆದರೆ ತೆಳುವಾದ ಮಣ್ಣು ಬೇಗ ಒಣಗುತ್ತದೆ, ಆಗಾಗ ತೇವ ಮಾಡುತ್ತಲೇ ಇರಬೇಕು. ಈತ ಅದನ್ನು ಎಷ್ಟು ನಿಷ್ಠೆಯಿಂದ ಮಾಡಿದನೆಂದರೆ, 1874ರಲ್ಲಿ ತಂದ ಒಂದು ರಾಣಿ ಇರುವೆ 1888ರವರೆಗೆ ಬದುಕಿತು. ಇರುವೆಯೊಂದು ಹದಿನಾಲ್ಕು ವರ್ಷ ಬಾಳಬಲ್ಲದೆಂದು ಅದಕ್ಕೆ ಮುಂಚೆ ಯಾರೂ ತಿಳಿದಿರಲಿಲ್ಲ. ಈತನ 'ಇರುವೆ, ಜೇನು, ಕಣಜ' ಎಂಬ ಅರ್ಥದ ಹೆಸರಿನ ಪುಸ್ತಕ 1882ರಲ್ಲಿ ಹೊರಬಂತು. ನನ್ನ ರಾಣಿ ಎರಡು ತಿಂಗಳೂ ಬಾಳಲಿಲ್ಲ ಎಂದು ಓದುವಾಗ ನೆನಪಾಗದೆ ಇರಲಿಲ್ಲ.

ಮಣ್ಣನ್ನೇ ಬಿಟ್ಟುಬಿಡುವ ಯೋಚನೆ ಬಂದದ್ದು ಫ್ರಾನ್ಸಿನ ಶಾರ್ಲ್ ಜಾನೆ (1849–1932) ಎಂಬ ಇಂಜಿನಿಯರಿಗೆ. ಮುಂದೆ ಮುಪ್ಪಿನಲ್ಲಿ ಮೂಲವಸ್ತುಗಳ ಆವರ್ತ ಕೋಷ್ಟಕವನ್ನು ತನ್ನದೇ ರೀತಿಯಲ್ಲಿ ಜೋಡಿಸಿ ರಸಾಯನಶಾಸ್ತ್ರದವರಿಗೂ ಪರಿಚಿತನಾದವನು ಈತನೇ. 1890ರ ದಶಕದಲ್ಲಿ ಈತ ಪ್ಲಾಸ್ಟರಿನ ಅಚ್ಚಿನಲ್ಲಿ ಸಾಲಾಗಿ ಕೋಣೆಗಳನ್ನು ಮಾಡಿ, ಒಂದು ತುದಿಯಲ್ಲಿ ಇರುವೆ ಹೋಗಲಾರದ ಒಂದು ಗುಳಿ ಬಿಟ್ಟು, ಆ ಗುಳಿಗೆ ನೀರು ತುಂಬಿದ. ಪ್ಲಾಸ್ಟರಿಗೆ ಕಣ್ಣಿಗೆ ಕಾಣದ ರಂಧ್ರಗಳಿವೆ. ಮಣ್ಣಿನ ಹೂಜಿಯ ಮೈ ಬೆವರುವಂತೆ, ದೀಪದ ಬತ್ತಿ ಎಣ್ಣೆ ಹೀರುವಂತೆ ನೀರು ತಾನಾಗಿ ಅದರೊಳಗೆ ನಡೆಯುತ್ತದೆ. ಗುಳಿಯ ಪಕ್ಕದ ಕೋಣೆ ಚೆನ್ನಾಗಿ ತೇವ, ಅದರಾಚೆಯದು ಸ್ವಲ್ಪ ತೇವ, ಕೊನೆಯದು ಒಣ. ಇರುವೆಗಳ ಮೇಲೆ ಒಂದು ಹನಿಯೂ ಬೀಳುವುದಿಲ್ಲ. ಎಲ್ಲಿರಬೇಕೆಂಬುದು ಅವುಗಳ ಇಷ್ಟ.

ನನ್ನ ಪ್ರಶ್ನೆಯೇ ತಪ್ಪೆಂದು ಅಲ್ಲಿಗೆ ಬಂದಾಗ ಹೊಳೆಯಿತು. 'ಎಷ್ಟು ನೀರು?' ಎಂದು ನಾನು ಕೇಳಿಕೊಂಡಿದ್ದೆ, ಎಷ್ಟು ಚಮಚ ಎಂದು ಲೆಕ್ಕವಿಟ್ಟಿದ್ದೆ. ಜಾನೆ ಕೇಳಿದ್ದು 'ಯಾವ ಕಡೆ ನೀರು?' ಎಂದು. ಒಂದು ಕಡೆ ತೇವ, ಒಂದು ಕಡೆ ಒಣ, ನಡುವೆ ದಾರಿ. ಅಷ್ಟು ಮಾಡಿಕೊಟ್ಟರೆ ಅಳತೆಯ ಕೆಲಸ ಇರುವೆಯದು.

ಪ್ಲಾಸ್ಟರಿನ ಗೂಡಿಗೆ ಒಂದು ಕೊರತೆ, ಭಾರ ಜಾಸ್ತಿ. ಅದನ್ನು ನೀಗಿಸಿದವಳು ಒಬ್ಬ ಹೆಂಗಸು, ನನ್ನಂತೆಯೇ ಶಾಲೆಯ ಟೀಚರು. ಇಷ್ಟೆಲ್ಲ ಹೆಸರುಗಳ ನಡುವೆ ನಾನು ನಿಂತು ಎರಡೆರಡು ಬಾರಿ ಓದಿದ್ದು ಆಕೆಯ ಕಥೆಯನ್ನೇ.

ಅಡೆಲ್ ಮರಿಯನ್ ಫೀಲ್ಡ್ ಹುಟ್ಟಿದ್ದು 1839ರಲ್ಲಿ, ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಒಂದು ಹಳ್ಳಿಯಲ್ಲಿ. ಉಪಾಧ್ಯಾಯರ ತರಬೇತಿ ಮುಗಿಸಿ ಪಾಠ ಹೇಳುತ್ತಿದ್ದಳು. ಬ್ಯಾಂಕಾಕಿನಲ್ಲಿದ್ದ ಒಬ್ಬ ಮಿಷನರಿಯೊಡನೆ ಮದುವೆ ನಿಶ್ಚಯವಾಗಿ, 1865ರ ಕೊನೆಯಲ್ಲಿ ಹಡಗು ಹತ್ತಿದಳು. ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದು 1866ರಲ್ಲಿ ಪೂರ್ವ ದೇಶಕ್ಕೆ ಬಂದಿಳಿದಾಗ ಸಿಕ್ಕ ಸುದ್ದಿ, ವರ ತೀರಿಕೊಂಡಿದ್ದಾನೆ ಎಂದು. ಅವಳು ಊರಿಗೆ ತಿರುಗಲಿಲ್ಲ. ಬ್ಯಾಂಕಾಕಿಗೆ ಹೋಗಿ ಅಲ್ಲಿನ ಚೀನೀಯರ ನಡುವೆ ಕೆಲಸಕ್ಕೆ ನಿಂತಳು. 1870ರ ದಶಕದಲ್ಲಿ ಚೀನದ ಸ್ವಾಟೌ ಪಟ್ಟಣಕ್ಕೆ ಹೋಗಿ, ಅಕ್ಷರ ಬಾರದ ಹಳ್ಳಿ ಹೆಂಗಸರಿಗೆ ಓದು ಕಲಿಸಿ ಅವರನ್ನೇ ಊರೂರಿಗೆ ಬೋಧಕಿಯರನ್ನಾಗಿ ಕಳಿಸಿದಳು. ಅಲ್ಲಿಯ ಆಡುಭಾಷೆಗೆ ಒಂದು ನಿಘಂಟನ್ನು ರಚಿಸಿದಳು. ಅದು 1883ರಲ್ಲಿ ಅಚ್ಚಾಯಿತು. ನಡುವೆ ಎರಡು ವರ್ಷ ಅಮೆರಿಕಕ್ಕೆ ಹೋಗಿ ಜೀವಶಾಸ್ತ್ರ ಓದಿ ಬಂದಳು. 1889ರಲ್ಲಿ ಮಿಷನ್ನಿನ ಕೆಲಸ ಬಿಟ್ಟಾಗ ಆಕೆಗೆ ಐವತ್ತು ವರ್ಷ.

ಐವತ್ತಾದ ಮೇಲೆ ಇನ್ನೇನು ಎಂದು ನಮ್ಮಲ್ಲಿ ಅಕ್ಕಪಕ್ಕದವರೂ ಹೇಳುತ್ತಾರೆ, ಕನ್ನಡಿಯೂ ಹೇಳುತ್ತದೆ. ಫೀಲ್ಡ್ ನ್ಯೂಯಾರ್ಕಿಗೆ ಬಂದು ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು ದುಡಿದಳು. 1894ರಲ್ಲಿ ರಾಜಕೀಯ ಶಿಕ್ಷಣಕ್ಕಾಗಿ ಹೆಂಗಸರೇ ಕಟ್ಟಿದ ಸಂಘವೊಂದರ ಸ್ಥಾಪಕರಲ್ಲಿ ಒಬ್ಬಳಾದಳು. ಬೇಸಿಗೆಯಲ್ಲಿ ಕಡಲ ಕಿನಾರೆಯ ವುಡ್ಸ್ ಹೋಲ್ ಪ್ರಯೋಗಶಾಲೆಗೆ ಹೋಗಿ ಇರುವೆಗಳ ಮುಂದೆ ಕುಳಿತಳು. ಹೊತ್ತೊಯ್ಯಬಹುದಾದ ಇರುವೆ ಗೂಡಿನ ಬಗ್ಗೆ ಆಕೆಯ ಲೇಖನ ಹೊರಬಂದದ್ದು 1900ರಲ್ಲಿ. ಆಗ ವಯಸ್ಸು ಅರವತ್ತು ದಾಟಿತ್ತು.

ಆ ಗೂಡಿನಲ್ಲಿ ಏನಿತ್ತು? ಗಾಜಿನ ತಳ, ಗಾಜಿನ ಪಟ್ಟಿಗಳನ್ನು ಅಂಟಿಸಿ ಮಾಡಿದ ಗೋಡೆ, ಗಾಜಿನ ಮುಚ್ಚಳ. ಒಳಗೆ ಎರಡು ಕೋಣೆ. ಒಂದು ಕತ್ತಲೆ ಕೋಣೆ. ಅಲ್ಲಿ ಚಪ್ಪಟೆಯಾಗಿ ಕತ್ತರಿಸಿ ನೆನೆಸಿದ ಸ್ಪಂಜಿನ ತುಂಡು. ಇನ್ನೊಂದು ಬೆಳಕಿನ ಕೋಣೆ. ಅಲ್ಲಿ ಆಹಾರ, ನೀರಿಲ್ಲ. ಗೋಡೆಗೂ ಮುಚ್ಚಳಕ್ಕೂ ನಡುವೆ ಟರ್ಕಿ ಟವೆಲಿನ ಬಟ್ಟೆಯ ಪಟ್ಟಿ. ಅದರ ಎಳೆಗಳ ಸಂದಿಯಲ್ಲಿ ಗಾಳಿ ಆಡುತ್ತದೆ, ಇರುವೆ ನುಸುಳಲಾರದು. ಸ್ಪಂಜು ಕೊಳೆಯಾದರೆ ತೆಗೆದು ತೊಳೆದು ಹಿಂಡಿ ಮತ್ತೆ ಇಟ್ಟರಾಯಿತು. ಸ್ಪಂಜು, ಟವೆಲು, ಗಾಜಿನ ಚೂರು. ಮನೆ ನಡೆಸುವವಳ ಕೈಗೆ ಸಿಗುವ ಸಾಮಾನು. ನಮ್ಮಮ್ಮ ವೀಳ್ಯದೆಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದಳು, ಮೊಳಕೆಗೆಂದು ಹೆಸರುಕಾಳನ್ನು ಕಟ್ಟಿಡುತ್ತಿದ್ದಳು. ಎಲೆಗೆ ನೀರು ಹೊಯ್ದಿಡುವುದು ಎಂದೂ ಇಲ್ಲ. ನೀರು ಬಟ್ಟೆಗೆ, ಎಲೆಗೆ ಬಟ್ಟೆಯ ತಂಪು. ಹಿಂಡದ ಬಟ್ಟೆಯಲ್ಲಿ ಕಾಳು ಕಟ್ಟಿದರೆ ಮಾರನೆಯ ದಿನ ವಾಸನೆ ಹೊಡೆಯುತ್ತದೆಂದು ನನಗೆ ಹತ್ತು ವರ್ಷಕ್ಕೇ ಗೊತ್ತಿತ್ತು. ಗೊತ್ತಿದ್ದ ವಿದ್ಯೆಯನ್ನು ತರಗತಿಗೆ ಹೋಗುವಾಗ ಮನೆಯಲ್ಲೇ ಬಿಟ್ಟುಹೋಗಿದ್ದೆ.

ಫೀಲ್ಡ್ ಮಾಡಿದ ಇನ್ನೊಂದು ಪ್ರಯೋಗ ನನ್ನ ತಪ್ಪನ್ನು ಸ್ಪಷ್ಟ ಮಾಡಿಕೊಟ್ಟಿತು. ಆಕೆ ಇರುವೆಗಳನ್ನು ನೀರಿನಲ್ಲಿ ಮುಳುಗಿಸಿಟ್ಟು ನೋಡಿದಳು. ಎಂಟು ದಿನ ಮುಳುಗಿದ್ದವುಗಳಲ್ಲೂ ಕೆಲವು ಹೊರತೆಗೆದ ಮೇಲೆ ಚೇತರಿಸಿಕೊಂಡವು. ನನ್ನ ರಾಣಿ ನೀರಿನಲ್ಲಿ ಮುಳುಗಿ ಸತ್ತಿತೆಂದೇ ನಾನು ತಿಳಿದಿದ್ದೆ. ಹಾಗಲ್ಲ, ಗಾಳಿಯಿಲ್ಲದ ಕೆಸರಿನಲ್ಲಿ ಬೆಳೆದ ಬೂಷ್ಟು ಮೊದಲು ಮೊಟ್ಟೆಗಳನ್ನು ತೆಗೆದುಕೊಂಡು, ತಪ್ಪಿಸಿಕೊಳ್ಳಲು ಎಡೆಯಿಲ್ಲದ ರಾಣಿಯನ್ನೂ ಮುಗಿಸಿತು. ನೀರು ಹೆಚ್ಚಾದದ್ದು ಅರ್ಧ ತಪ್ಪು. ಒಣ ನೆಲ ಒಂದು ಅಂಗುಲವೂ ಇಲ್ಲದಂತೆ ಮಾಡಿದ್ದು ಉಳಿದರ್ಧ.

ಮುಂದೆ 1956ರಲ್ಲಿ ಅಮೆರಿಕದ ಮಿಲ್ಟನ್ ಲೆವೀನ್ ಎಂಬಾತ ಪಾರದರ್ಶಕ ಪ್ಲಾಸ್ಟಿಕ್ಕಿನ ಇರುವೆ ಗೂಡನ್ನು ಮಕ್ಕಳ ಆಟಿಕೆಯಾಗಿ ಮಾರಾಟಕ್ಕೆ ತಂದ. ಅದರಲ್ಲಿ ರಾಣಿ ಇರುತ್ತಿರಲಿಲ್ಲ, ಬರೀ ಕೆಲಸಗಾರ ಇರುವೆಗಳು. ಮೊಟ್ಟೆ ಮರಿಗಳ ಗೋಜಿಲ್ಲದ್ದರಿಂದ ತೇವದ ತಲೆನೋವೂ ಕಡಿಮೆ. ಆದರೆ ಒಂದು ಪೀಳಿಗೆ ಸತ್ತರೆ ಆಟವೂ ಮುಗಿಯಿತು. ತೇವವನ್ನು ಕಾಯುವುದೆಂದರೆ ಮುಂದಿನ ಪೀಳಿಗೆಯನ್ನು ಕಾಯುವುದು ಎಂದು ಆ ಆಟಿಕೆಯಿಂದ ನನಗೆ ತಿಳಿಯಿತು.

ಇವೆಲ್ಲ ಮನುಷ್ಯರು ಮಾಡಿದ ಗೂಡು. ಇರುವೆಯೇ ತನಗೆ ತಾನು ಕಟ್ಟಿಕೊಂಡಾಗ ನೀರನ್ನು ಹೇಗೆ ನಿಭಾಯಿಸುತ್ತದೆ? ಅದಕ್ಕೆ ಬಹಳ ಒಳ್ಳೆಯ ಉದಾಹರಣೆ ನಮ್ಮ ಕರ್ನಾಟಕದಲ್ಲೇ ಇದೆ. ಜಿಗಿಯುವ ಇರುವೆಯೊಂದಕ್ಕೆ 1851ರಲ್ಲಿ ಜೆರ್ಡನ್ ಎಂಬ ಇಂಗ್ಲಿಷ್ ವೈದ್ಯ ಹೆಸರಿಟ್ಟ. ಹಾರ್ಪೆಗ್ನಾಥಸ್ ಸಾಲ್ಟೇಟರ್ ಎಂಬ ಆ ಹೆಸರು ಉದ್ದವಾದರೂ ಇರುವೆ ಮಾತ್ರ ನಮ್ಮ ನೆಲದ್ದೇ. ಉದ್ದ ದವಡೆ, ದೊಡ್ಡ ಕಣ್ಣು, ಬೇಟೆಯ ಮೇಲೆ ಹಾರಿಬೀಳುವ ಚುರುಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಮುಸ್ತಾಕ್ ಅಲಿಯವರು ಕ್ರಿಶ್ಚಿಯನ್ ಪೀಟರ್ಸ್, ಬರ್ಟ್ ಹೋಲ್ಡೋಬ್ಲರ್, ಮಾರ್ಕ್ ಮೊಫೆಟ್ ಎಂಬ ವಿದೇಶೀ ವಿದ್ವಾಂಸರ ಜೊತೆ ಸೇರಿ ಇದರ ಗೂಡನ್ನು ಅಗೆದು ನೋಡಿ 1994ರಲ್ಲಿ ಬರೆದರು. ವಾಸದ ಕೋಣೆಗಳಿಗೆ ಗುಮ್ಮಟದಂಥ ದಪ್ಪ ಚಾವಣಿ. ಚಾವಣಿಗೂ ಹೊರಗಿನ ಮಣ್ಣಿಗೂ ನಡುವೆ ಖಾಲಿ ಜಾಗ. ಚಾವಣಿಯಲ್ಲಿ ಸಣ್ಣ ಕಿಂಡಿಗಳು, ಕಿಂಡಿಯ ಸುತ್ತ ಎತ್ತಿದ ಅಂಚು. ಒಳಗೋಡೆಗೆ ಮರಿಗಳು ಬಿಟ್ಟುಹೋದ ಒಣ ಗೂಡುಗಳನ್ನು ಪಟ್ಟಿಪಟ್ಟಿಯಾಗಿ ಅಂಟಿಸಿದ ಹೊದಿಕೆ. ಕಸಕ್ಕೆ ಎಲ್ಲಕ್ಕಿಂತ ಕೆಳಗೆ ಬೇರೆ ಕೋಣೆ. ಸುರಿಯುವ ಮಳೆಗೆ ಮಣ್ಣು ನೆನೆದರೂ ವಾಸದ ಕೋಣೆಗೆ ನೀರು ನುಗ್ಗದಂಥ ಏರ್ಪಾಟು. ಮಲೆನಾಡಿನ ಮನೆಗೆ ಅಟ್ಟ, ಇಳಿಜಾರು ಮಾಡು ಕಟ್ಟಿದವರ ಜಾಣತನವೇ ಅಂಗುಲದ ಲೆಕ್ಕದಲ್ಲಿ ಕಂಡಂತಾಯಿತು.

ಮರುವರ್ಷ ಜೂನ್ ಬಂತು. ವಿಜ್ಞಾನದ ಟೀಚರು ಹಿಂದಿರುಗಿದ್ದರು. ನನಗೆ ಇರುವೆಯ ಉಸಾಬರಿ ಬೇಕಾಗಿರಲಿಲ್ಲ. ಆದರೂ ಮಳೆ ಬಿದ್ದ ಮರುದಿನ ಎಂಟನೆಯ ತರಗತಿಗೆ ಹೋಗಿ ಆ ಹುಡುಗಿಯನ್ನು ಹೊರಗೆ ಕರೆದೆ.

"ಇನ್ನೊಂದು ರಾಣಿ ಸಿಕ್ಕರೆ ತರುತ್ತೀಯಾ? ಈ ಸಲ ನೀರು ನಾನು ಹಾಕುವುದಿಲ್ಲ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಮತ್ತೆ ಯಾರು ಹಾಕೋದು ಮಿಸ್?"

"ಯಾರೂ ಹಾಕುವುದಿಲ್ಲ."

ಮೂರು ದಿನ ಬಿಟ್ಟು ತಂದಳು. ಪ್ರಯೋಗಶಾಲೆಯಿಂದ ಒಂದು ಪ್ರನಾಳ ಬೇಡಿ ತಂದೆ. ಈಗ ಇರುವೆ ಸಾಕುವವರೆಲ್ಲ ಬಳಸುವ ಸುಲಭ ವಿಧಾನವಿದು: ಪ್ರನಾಳದ ಮೂರನೇ ಒಂದು ಭಾಗ ನೀರು, ನೀರಿಗೆ ತಾಗುವ ಹಾಗೆ ಒಳಗೆ ತಳ್ಳಿದ ಹತ್ತಿಯ ಬಿರಡೆ, ಆಮೇಲೆ ರಾಣಿ, ಬಾಯಿಗೆ ಸಡಿಲವಾಗಿ ಇನ್ನೊಂದು ಹತ್ತಿ. ಹತ್ತಿ ನ್ಯೂಯಾರ್ಕಿನಾಕೆಯ ಸ್ಪಂಜಿನ ಕೆಲಸವನ್ನೂ ಟವೆಲಿನ ಕೆಲಸವನ್ನೂ ಒಟ್ಟಿಗೆ ಮಾಡುತ್ತದೆ. ಕಪ್ಪು ಕಾಗದ ಸುತ್ತಿ, ಅಲುಗಾಡದಂತೆ ಬೀರುವಿನಲ್ಲಿ ಮಲಗಿಸಿಟ್ಟೆವು. ಆಹಾರವೂ ಬೇಡ. ಗೊದ್ದದ ರಾಣಿ ಇನ್ನು ಹಾರಬೇಕಿಲ್ಲವಾದ್ದರಿಂದ ರೆಕ್ಕೆ ಆಡಿಸುತ್ತಿದ್ದ ಸ್ನಾಯುಗಳನ್ನೇ ಮೈಯೊಳಗೆ ಕರಗಿಸಿ, ಅದರ ಬಲದಿಂದ ಮೊದಲ ಮರಿಗಳನ್ನು ಸಾಕುತ್ತದೆ. ಇದನ್ನು ಓದಿ ಹೇಳಿದಾಗ ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ನನ್ನ ಮನಸ್ಸಿನಲ್ಲಿಯೂ ಒಂದೆರಡು ಹೆಂಗಸರ ಮುಖ ಹಾದುಹೋಯಿತು.

ವಾರಕ್ಕೊಮ್ಮೆ ಮಾತ್ರ ನೋಡುವುದೆಂದು ಒಪ್ಪಂದ. ಕೈ ಕಟ್ಟಿಕೊಂಡು ಕೂರುವುದು ನನಗೆ ನೀರು ಹಾಕುವುದಕ್ಕಿಂತ ಕಷ್ಟವಾಯಿತು. ಒಂದೂವರೆ ತಿಂಗಳಿಗೆ ಮೊದಲ ಕೆಲಸಗಾರ ಇರುವೆಗಳು ಹೊರಬಂದವು, ರಾಣಿಯ ಮುಂದೆ ತೀರ ಪುಟ್ಟವು. ಆಮೇಲೆ ಸಕ್ಕರೆ ನೀರಿನ ಒಂದು ಹನಿ, ಸತ್ತ ನೊಣದ ಚೂರು; ಅದನ್ನೂ ಒಣ ತುದಿಯಲ್ಲೇ ಇಟ್ಟು, ಉಳಿದದ್ದನ್ನು ಮರುದಿನವೇ ತೆಗೆಯುತ್ತಿದ್ದಳು.

ದಸರಾ ರಜೆ ಮುಗಿದ ಮೇಲೆ ಮಸಾಲೆ ಪುಡಿಯ ಚಪ್ಪಟೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಜಾನೆಯ ಮಾದರಿಯ ಗೂಡು ಮಾಡಿದೆವು. ಜೇಡಿಮಣ್ಣಿನಿಂದ ಮೂರು ಕೋಣೆ, ಅವುಗಳ ನಡುವೆ ಓಣಿ, ಮೂಲೆಗೊಂದು ನೀರಿನ ಗುಳಿ. ಎಲ್ಲವನ್ನೂ ಡಬ್ಬಿಯ ತಳದಲ್ಲಿ ಅಚ್ಚಿನಂತೆ ಇಟ್ಟು, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ಸುರಿದೆವು. ಗಟ್ಟಿಯಾಗುವಾಗ ಅದು ಬಿಸಿಯೇರುತ್ತದೆ, ಮಕ್ಕಳು ಕೈಹಾಕಬಾರದು. ಒಂದು ವಾರ ಒಣಗಿಸಿ, ಜೇಡಿಯನ್ನು ಕೆರೆದು ತೆಗೆದು, ಮೇಲೆ ಗಾಜು ಮುಚ್ಚಿದೆವು. ಗುಳಿಗೆ ವಾರಕ್ಕೊಮ್ಮೆ ನಾಲ್ಕು ಚಮಚ ನೀರು. ಅದನ್ನು ಹಾಕುವುದು ಹುಡುಗಿಯ ಕೆಲಸ.

ಇರುವೆಗಳು ಹೊಸ ಗೂಡಿಗೆ ಬಂದು ಸಂಸಾರ ಹೂಡಿದ ರೀತಿ ನೋಡುವಂತಿತ್ತು. ಮೊಟ್ಟೆ ಮತ್ತು ಎಳೆಯ ಮರಿಗಳನ್ನು ನೀರಿನ ಪಕ್ಕದ ಕೋಣೆಯಲ್ಲಿ ಇಟ್ಟವು. ನೂಲು ಸುತ್ತಿಕೊಂಡು ಮಲಗಿದ ಮರಿಗಳನ್ನು ಮಾತ್ರ ಅಲ್ಲಿಂದ ಎತ್ತಿ ಒಣ ಕೋಣೆಗೆ ಸಾಗಿಸಿದವು. ಅವಕ್ಕೆ ಮೇಲೊಂದು ಹೊದಿಕೆಯಿದೆಯಲ್ಲ, ಅಷ್ಟು ತೇವ ಬೇಡ. ನಾನಾಗಿದ್ದರೆ ಎಲ್ಲವನ್ನೂ ಒಂದೇ ಕೋಣೆಯಲ್ಲಿ ಜೋಡಿಸಿ ಮೇಲೆ ಒಂದು ಚಮಚ ನೀರು ಹಾಕಿರುತ್ತಿದ್ದೆ. ಒಂದೇ ಮನೆಯಲ್ಲಿ ಹುಟ್ಟಿದ್ದಕ್ಕೂ ಒಂದೊಂದು ವಯಸ್ಸಿಗೆ ಒಂದೊಂದು ಹದ ಬೇಕು. ಇಪ್ಪತ್ತೆಂಟು ವರ್ಷ ಪಾಠ ಹೇಳಿದ ನನಗೆ ಇದು ಹೊಸ ಸಂಗತಿಯಲ್ಲ; ಆದರೆ ತರಗತಿಯಲ್ಲಿ ನಲವತ್ತು ಮಕ್ಕಳಿಗೆ ನಲವತ್ತು ಚಮಚ ಅಳೆದು ಹಾಕಿದ ದಿನಗಳೇ ಹೆಚ್ಚು ಎಂಬುದೂ ಸುಳ್ಳಲ್ಲ.

ಏಪ್ರಿಲ್ ರಜೆಯಲ್ಲಿ ಬೀಗ ಹಾಕಿದ ಶಾಲೆಯಲ್ಲಿ ಗೂಡು ಉಳಿಯುವ ಹಾಗಿರಲಿಲ್ಲ. ಕೊನೆಯ ದಿನ ಹೊಂಗೆ ಮರದ ನೆರಳಿನಲ್ಲಿ, ಕಳೆದ ಸಲ ಬಾಟಲಿಯ ಮಣ್ಣು ಸುರಿದ ಜಾಗದ ಹತ್ತಿರವೇ, ಗಾಜು ಸರಿಸಿಟ್ಟೆವು. ಸಂಜೆಯ ಹೊತ್ತಿಗೆ ಅವು ಬೇರಿನ ಸಂದಿಯೊಂದನ್ನು ಹುಡುಕಿಕೊಂಡು ಮರಿಗಳನ್ನು ಒಂದೊಂದಾಗಿ ಒಯ್ದವು. ಕೊನೆಗೆ ರಾಣಿಯೂ ಹೋಯಿತು.

ಆ ಹುಡುಗಿಗೆ ಆ ವರ್ಷ ವಿಜ್ಞಾನದಲ್ಲಿ ಬಂದ ಅಂಕ ಹೇಳಿಕೊಳ್ಳುವಂಥದ್ದೇನಲ್ಲ. ಆದರೆ ಅವಳು ಇರುವೆಗೆಂದು ಇಟ್ಟ ಪುಸ್ತಕ ನನ್ನ ಹತ್ತಿರ ಬಿಟ್ಟುಹೋಗಿದ್ದಾಳೆ. ತಾರೀಖು ಹಾಕಿ ದಿನಕ್ಕೊಂದು ಸಾಲು. ಹೆಚ್ಚಿನ ಪುಟಗಳಲ್ಲಿ ಇರುವುದು ಒಂದೇ ವಾಕ್ಯ: 'ಇವತ್ತು ನೋಡಿದೆ. ನೀರು ಹಾಕಲಿಲ್ಲ.'